ಸೀರೆಯ ಬೇಲಿ

ಹಾವೇರಿ
೧೩ ಜುಲೈ ೨೦೦೩

ಚಿ. ಸೌ. ನಂದಿತಾ,

ನಿನ್ನ ಪತ್ರ ಶುಕ್ರವಾರ ತಲುಪಿತು. ಪೂರ್ಣವಿರಾಮಗಳು ಅಲ್ಲಲ್ಲಿ ಬಿಟ್ಟುಹೋಗಿವೆ. ಅವಸರದಲ್ಲಿ ಬರೆದೆಯೆಂದು ತಿಳಿದುಕೊಂಡೆ. ಐರಣಿಯ ಹೊಲಕ್ಕೆ ಕಾಡುಹಂದಿಗಳು ನುಗ್ಗಿ, ಮಳೆ ಹಿಡಿದ ಮೇಲೆ ನೆಟ್ಟ ಮಾವಿನ ಸಸಿಗಳಲ್ಲಿ ಒಂದು ಸಾಲನ್ನೇ ಬುಡಮೇಲು ಮಾಡಿದ ಸಂಗತಿಯನ್ನು ನಿನ್ನ ತಾಯಿಗೆ ಓದಿ ಹೇಳಿದೆ. ಆಕೆ ಸಸಿಗಳ ಬಗ್ಗೆ ಏನನ್ನೂ ಕೇಳಲಿಲ್ಲ. "ಹಂದಿ ಬಂದಾಗ ಈಕಿ ಎಲ್ಲಿದ್ಲಂತ?" ಎಂದಷ್ಟೇ ಕೇಳಿದಳು. ಅದಕ್ಕೆ ನಿನ್ನ ಪತ್ರದಲ್ಲಿ ಉತ್ತರವಿರಲಿಲ್ಲ. ಮುಂದಿನ ಪತ್ರದಲ್ಲಿ ಬರೆ.

ಅಳಿಯಂದಿರು ರಾಣೆಬೆನ್ನೂರಿನ ಬೀಜದ ಕಂಪನಿಯ ನೌಕರಿ ಬಿಟ್ಟು, ಹೊಳೆಯ ದಂಡೆಯ ಕೆಂಪು ಮಸಾರಿ ಮಣ್ಣಿನ ಹೊಲದಲ್ಲಿ ಆಪೂಸು ಮಾವು ಬೆಳೆಸುವೆನೆಂದಾಗ ನಾನು ಬೇಡವೆನ್ನಲಿಲ್ಲ. ಮೊದಲ ಮೂರು ವರ್ಷ ಸಸಿಯನ್ನು ಕಾಯುವುದೇ ಕೆಲಸ, ಬೆಳೆಯುವುದನ್ನು ಅದೇ ಮಾಡಿಕೊಳ್ಳುತ್ತದೆ ಎಂದಷ್ಟೇ ಹೇಳಿದ್ದೆ. ಹಂದಿಗೆ ಸಸಿ ಬೇಕಾಗಿರುವುದಿಲ್ಲ. ಗುಂಡಿಯ ತಂಪು, ಗೊಬ್ಬರದೊಳಗಿನ ಹುಳು ಬೇಕಾಗಿರುತ್ತವೆ. ಆದ್ದರಿಂದ ಹಸಿ ಗೊಬ್ಬರ ಹಾಕಬೇಡಿರಿ; ಚೆನ್ನಾಗಿ ಕಳಿತದ್ದನ್ನು ಬೇವಿನ ಹಿಂಡಿಯೊಡನೆ ಬೆರೆಸಿ ಹಾಕಿರಿ. ಕಸಿಯ ಗಂಟು ಮಣ್ಣಿನ ಮೇಲಿರಲಿ. ಗಂಟಿನ ಕೆಳಗೆ ಹೊರಡುವ ಚಿಗುರನ್ನು ಮರುಕವಿಲ್ಲದೆ ಚಿವುಟಿ ಹಾಕು. ಅದು ಎಷ್ಟೇ ಹುಲುಸಾಗಿದ್ದರೂ ಕಾಡುಮಾವಿನದು.

ಗುತ್ತಲದ ಕಡೆ ಹೊಲಗಳ ಸುತ್ತ ಹಳೆಯ ಸೀರೆ ಕಟ್ಟುವುದನ್ನು ನೀನೂ ಕಂಡಿರುವೆ. ಗಾಳಿಗೆ ಸೀರೆ ಅಲುಗಿದರೆ ಹಂದಿ ಮನುಷ್ಯರೆಂದು ಅಂಜುತ್ತದೆ. ನಿನ್ನ ತಾಯಿ ಓಣಿಯ ಮನೆ ಮನೆಗೂ ಹೋಗಿ ಕೇಳಿ ತಂದು ಒಂದು ಗಂಟು ಕಟ್ಟಿದ್ದಾಳೆ. ನಾಳಿನ ಬಸ್ಸಿನಲ್ಲಿ ಕಳಿಸುತ್ತೇನೆ.

ನಿನ್ನ ತಂದೆ,
ಅಣ್ಣಾಜಿ


ಐರಣಿ
೫ ಆಗಸ್ಟ್ ೨೦೦೩

ತೀರ್ಥರೂಪರಾದ ಅಪ್ಪನವರಿಗೆ ನಂದಿತಾಳ ನಮಸ್ಕಾರಗಳು.

ಪಂಚಮಿಗೆ ತವರಿಗೆ ಬರಲಾಗಲಿಲ್ಲ. ಅವ್ವ ಕಳಿಸಿದ ಉಂಡಿಗಳು ಮುಟ್ಟಿದವು. ಹಂದಿ ಬಂದ ರಾತ್ರಿ ನಾನು ಗುಡಿಸಲಿನೊಳಗೆ ಬಾಗಿಲು ಹಾಕಿಕೊಂಡು ಕುಳಿತಿದ್ದೆ. ಅವ್ವನಿಗೆ ಇಷ್ಟು ಹೇಳಿದರೆ ಸಾಕು.

ಸೀರೆಗಳನ್ನು ಹೊಲದ ನಾಲ್ಕೂ ಬದಿಗೆ ಗೂಟ ನೆಟ್ಟು ಕಟ್ಟಿದೆವು. ಸಸಿಗಳಿಗೆ ನೀರುಣಿಸುವ ಫಕ್ಕೀರವ್ವನಿಗೆ ನಗು ತಡೆಯಲಾಗಲಿಲ್ಲ. "ಊರ ಹೆಣ್ಮಕ್ಕಳೆಲ್ಲ ನಿಮ್ಮ ಹೊಲ ಕಾಯಾಕ ನಿಂತಾರ ನೋಡ್ರಿ, ಕೂಲಿ ಮಾತ್ರ ನನಗೊಬ್ಬಾಕಿಗೆ" ಎಂದಳು. ಪ್ರತಿ ಸಸಿಯ ಪಕ್ಕ ಒಂದು ಮಣ್ಣಿನ ಗಡಿಗೆ ಹೂಳಿದ್ದೇವೆ. ತಳದ ತೂತಿಗೆ ಬತ್ತಿ ತುರುಕಿದರೆ ನೀರು ಬೇರಿಗೆ ನಿಧಾನವಾಗಿ ಜಿನುಗುತ್ತದೆ. ಮುಂಜಾನೆ ಬಂದು ಎಲ್ಲ ಗಡಿಗೆಗಳನ್ನೂ ತುಂಬುವುದು ಆಕೆಯ ಕೆಲಸ. ಸೀರೆಯ ಸೆರಗು ಕೆಸರಿನಲ್ಲಿ ಎಳೆದಾಡುವುದನ್ನು ಮಾತ್ರ ಆಕೆಗೆ ನೋಡಲಾಗುವುದಿಲ್ಲ. ಕೊಡ ಕೆಳಗಿಟ್ಟು, ಜಾರಿದ್ದನ್ನು ಮೇಲೆತ್ತಿ ಸಿಕ್ಕಿಸಿಯೇ ಮುಂದೆ ಹೋಗುತ್ತಾಳೆ. ಹಸಿರು ಸೀರೆಯೊಂದರ ಮೇಲೆ ಆಕೆಯ ಕಣ್ಣಿದೆ. ಸಸಿಗಳು ಎದೆಯುದ್ದ ಬೆಳೆದ ಮೇಲೆ ಅದು ನಿನ್ನದೇ ಎಂದಿದ್ದೇನೆ.

ಮೊದಲ ವಾರ ಹಂದಿಗಳು ಬರಲಿಲ್ಲ. ಆಮೇಲೆ ಅವಕ್ಕೆ ಸೀರೆ ರೂಢಿಯಾಯಿತು. ಹೋದ ವಾರ ಎರಡು ಸೀರೆ ಹರಿದು ಒಳಗೆ ಬಂದವು. ಇವರು ಹೊಲದ ಕಾವಲು ಅಟ್ಟದ ಮೇಲೆ ಕುಳಿತು ಡಬ್ಬಿ ಬಾರಿಸಿ ಕಾದರು. ಬೆಳಗಿನ ಜಾವ ಕಣ್ಣು ಹತ್ತಿತು; ಅಷ್ಟರಲ್ಲಿ ಇನ್ನೊಂದು ಸಾಲು ಹೋಯಿತು. ಕಿತ್ತುಬಿದ್ದ ಸಸಿಗಳನ್ನು ಹಿಡಿದುಕೊಂಡು ಇವರು ಬದುವಿನ ಮೇಲೆ ಬಹಳ ಹೊತ್ತು ಕುಳಿತಿದ್ದರು. ಪಕ್ಕದ ಹೊಲದ ಪ್ರಭುಲಿಂಗಪ್ಪನವರು ಬಂದು ಏನೋ ಮಾತಾಡಿ ಹೋದರು. ಮರುದಿನ ಇವರು ರಾಣೆಬೆನ್ನೂರಿಗೆ ಹೋಗಿ ಒಂದು ಸುರುಳಿ ತಂತಿ ತಂದರು.

ನಿಮ್ಮ ಮಗಳು,
ನಂದಿತಾ


ಹಾವೇರಿ
೧೪ ಆಗಸ್ಟ್ ೨೦೦೩

ಚಿ. ಸೌ. ನಂದಿತಾ,

ತಂತಿ ಏತಕ್ಕೆಂದು ನೀನು ಬರೆಯಲಿಲ್ಲ. ಮುಳ್ಳುತಂತಿಯಾಗಿದ್ದರೆ ಮುಳ್ಳುತಂತಿಯೆಂದೇ ಬರೆಯುತ್ತಿದ್ದೆ. ಬಳ್ಳಿ ಹಬ್ಬಿಸಲು ನಿಮ್ಮ ಹೊಲದಲ್ಲಿ ಬಳ್ಳಿಗಳಿಲ್ಲ.

ನಾನು ನೌಕರಿಯಲ್ಲಿದ್ದ ಒಂದು ಊರಿನಲ್ಲಿ, ಏಳನೆಯ ತರಗತಿಯ ಹುಡುಗಿಯೊಬ್ಬಳ ತಂದೆ ನಸುಕಿನಲ್ಲಿ ತಂಬಿಗೆ ಹಿಡಿದು ಪಕ್ಕದವರ ಗೋವಿನಜೋಳದ ಹೊಲಕ್ಕೆ ಹೋದವನು ತಿರುಗಿ ಬರಲಿಲ್ಲ. ಹೊಲದವನು ಹಂದಿಗೆಂದು ತಂತಿಗೆ ಕರೆಂಟು ಬಿಟ್ಟಿದ್ದ. ಊರವರು ಹಾವು ಕಚ್ಚಿತೆಂದರು. ಹೆಣಕ್ಕೆ ನೀರು ಹಾಕಿದವರು ಸುಟ್ಟ ಅಂಗೈಯನ್ನು ಕಂಡಿದ್ದರು, ಅವರೂ ಹಾವೆಂದರು. ಮುಂದಿನ ವಾರ ಆ ಹುಡುಗಿ ನಿಬಂಧದಲ್ಲಿ 'ನಮ್ಮ ತಂದೆಯವರು ಹಾವು ಕಚ್ಚಿ ತೀರಿಕೊಂಡರು' ಎಂದು ದುಂಡಗೆ ಬರೆದಿದ್ದಳು. ಆ ಸಾಲಿನ ಹತ್ತಿರ ನನ್ನ ಕೆಂಪು ಶಾಯಿಯ ಪೆನ್ನು ಹೋಗಲಿಲ್ಲ.

ನಾನು ಕೇಳುವುದು ಒಂದೇ ಪ್ರಶ್ನೆ: ತಂತಿಯಲ್ಲಿ ಕರೆಂಟು ಇದೆಯೋ, ಇಲ್ಲವೋ? ಒಂದು ಶಬ್ದದಲ್ಲಿ ಉತ್ತರಿಸು. ಸಸಿಗಳ ಸಮಾಚಾರ ಆಮೇಲೆ ಬರೆಯುವೆಯಂತೆ.

ಅಣ್ಣಾಜಿ


ಐರಣಿ
೭ ಸೆಪ್ಟೆಂಬರ್ ೨೦೦೩

ತೀರ್ಥರೂಪರಾದ ಅಪ್ಪನವರಿಗೆ ನಮಸ್ಕಾರಗಳು.

ಸಸಿಗಳೆಲ್ಲ ಹೊಸ ಚಿಗುರು ಬಿಟ್ಟಿವೆ. ಎಳೆಯ ಎಲೆಗಳು ತಾಮ್ರದ ಬಣ್ಣಕ್ಕಿದ್ದು, ಬಿಸಿಲಿಗೆ ಹಿಡಿದರೆ ನರಗಳು ಕಾಣುತ್ತವೆ. ಪಡುವಣ ದಿಕ್ಕಿಗೆ ತೆಂಗಿನ ಗರಿ ಚುಚ್ಚಿ ನೆರಳು ಮಾಡಿದ್ದೇವೆ. ಕಸಿಗಂಟಿನ ಕೆಳಗಿನ ಚಿಗುರುಗಳನ್ನು ನೀವು ಹೇಳಿದಂತೆ ಚಿವುಟುತ್ತೇನೆ. ಎಲೆ ಕತ್ತರಿಸುವ ಒಂದು ಹುಳು ಕಾಣಿಸಿಕೊಂಡಿತ್ತು. ಉದುರಿದ ಎಲೆಗಳನ್ನು ಆರಿಸಿ ಸುಟ್ಟೆವು. ಅಮಾವಾಸ್ಯೆಯಿಂದ ಈಚೆಗೆ ಹಂದಿಯಿಂದ ಒಂದು ಸಸಿಯೂ ಹೋಗಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ: ಇದೆ.

ತಂತಿ ಸೀರೆಗಳ ಹಿಂದಿದೆ, ಹೊರಗಿನಿಂದ ಕಾಣುವುದಿಲ್ಲ. ಪಂಪ್‌ಸೆಟ್ಟಿನ ಲೈನಿನಿಂದ ಅದಕ್ಕೆ ಕರೆಂಟು ಕೊಟ್ಟಿದ್ದಾರೆ. ಈಗಿನ ಸರದಿಯಲ್ಲಿ ಆ ಲೈನಿಗೆ ಕರೆಂಟು ಬರುವುದು ರಾತ್ರಿ ಮಾತ್ರ. ಫಕ್ಕೀರವ್ವ ಬರುವುದಕ್ಕೆ ಬಹಳ ಮೊದಲೇ ಹೋಗಿರುತ್ತದೆ. ಹಗಲು ಅದು ಬರಿಯ ತಂತಿ. ಹಾಗಾಗಿ ದಿನವೂ ತೆಗೆದು ಹಾಕುವ ಅಗತ್ಯವಿಲ್ಲ ಎನ್ನುತ್ತಾರೆ. ಪ್ರಭುಲಿಂಗಪ್ಪನವರ ಹೊಲದಲ್ಲಿ ಮೂರು ವರ್ಷಗಳಿಂದ ಹೀಗೆಯೇ ಇದೆಯಂತೆ.

ಫಕ್ಕೀರವ್ವನಿಗಾದರೂ ಹೇಳೋಣ ಎಂದೆ. ಇವರು ತಲೆಯೆತ್ತದೆ ಹೇಳಿದರು: "ಆಕಿಗೆ ಹೇಳಿದ್ರ ಊರಿಗೆಲ್ಲ ಹೇಳಿದಂಗ. ನಾಳೆ ಲೈನ್‌ಮನ್ ಬಂದು ನಿಂತ್ರ ನಾ ಎಲ್ಲಿರತೇನಿ, ವಿಚಾರ ಮಾಡು. ಹಗಲಿ ಅದರಾಗ ಏನೂ ಇರೂದಿಲ್ಲ. ಸುಮ್ಮನ ಆಕಿನ್ನ ಯಾಕ ಹೆದರಸ್ತೀ?"

ಒಂದು ಮುಂಜಾನೆ ಬೇಲಿಯ ಬುಡದಲ್ಲಿ ನರಿ ಸತ್ತು ಬಿದ್ದಿತ್ತು. ಫಕ್ಕೀರವ್ವ ಬರುವಷ್ಟರಲ್ಲಿ ಇವರು ಅದನ್ನು ಹೂಳಿದರು. ಮಣ್ಣು ಯಾಕೆ ಹಸಿಯಾಗಿದೆ ಎಂದು ಆಕೆ ಕೇಳಿದಳು. ಹೊಸ ಗುಂಡಿ ತೋಡಿದ್ದೇವೆ ಎಂದೆ.

ಈ ವಿಷಯವನ್ನು ಇನ್ನು ಪತ್ರದಲ್ಲಿ ಬರೆಯಬೇಡಿರಿ. ನಮ್ಮ ಟಪಾಲು ಇಳಿಯುವುದು ಪ್ರಭುಲಿಂಗಪ್ಪನವರ ಅಂಗಡಿಯಲ್ಲಿ. ಅಂಟು ಸಡಿಲವಾಗಿದ್ದ ಪತ್ರ ಅಲ್ಲಿ ಓದಿಸಿಕೊಂಡೇ ಮುಂದೆ ಹೊರಡುತ್ತದೆ.

ನಂದಿತಾ


ಹಾವೇರಿ
೧೧ ಸೆಪ್ಟೆಂಬರ್ ೨೦೦೩

ಚಿ. ಸೌ. ನಂದಿತಾ,

ನಿನ್ನ ಪತ್ರದಲ್ಲಿ ಒಂದು ತಪ್ಪೂ ಇಲ್ಲ. ಕರಡು ಬರೆದು, ತಿದ್ದಿ, ಆಮೇಲೆ ಶುದ್ಧಪ್ರತಿ ಮಾಡಿದ್ದೀ. ಗಂಡನ ಮೇಲೆ ಮಾತು ಬಾರದಂತೆ ಒಂದೊಂದು ವಾಕ್ಯವನ್ನೂ ಆರಿಸಿದ್ದೀ. ನನಗೆ ಹೆದರಿಕೆಯಾದದ್ದು ಅದನ್ನು ಕಂಡೇ.

ಹಗಲು ಅದು ಬರಿಯ ತಂತಿ ಎಂದು ಬರೆದೆ. ಆ ಮಾತನ್ನು ಹೇಳುವ ಅಧಿಕಾರ ನಿನಗೂ ಇಲ್ಲ, ಅಳಿಯಂದಿರಿಗೂ ಇಲ್ಲ. ಅದು ಎಲ್ಲಿಯೋ ಕುಳಿತು ಗುಂಡಿ ಒತ್ತುವವನ ಕೈಯಲ್ಲಿದೆ. ಅವನಿಗೆ ನಿಮ್ಮ ಸೀರೆಗಳೂ ಗೊತ್ತಿಲ್ಲ, ಫಕ್ಕೀರವ್ವನೂ ಗೊತ್ತಿಲ್ಲ.

ವಿದ್ಯುತ್ ಕಚೇರಿಗೆ ಬರೆಯಲೆಂದು ಹಾಳೆ ತೆಗೆದುಕೊಂಡು ಕುಳಿತಿದ್ದೆ. ಅಳಿಯಂದಿರ ಹೆಸರು ಬರೆಯಬೇಕಾದ ಜಾಗಕ್ಕೆ ಬಂದು ನಿಂತೆ. ಬರೆದರೆ ಅವರು ಠಾಣೆಯ ಮೆಟ್ಟಿಲು ಹತ್ತುತ್ತಾರೆ. ಬರೆಯದಿದ್ದರೆ ಏನಾಗಬಹುದೆಂಬುದನ್ನು ಕಾಗದದ ಮೇಲೆ ಹಾಕಲು ನನಗೆ ಧೈರ್ಯವಿಲ್ಲ. ನಿನ್ನ ತಾಯಿಗೆ ಹೇಳಿಲ್ಲ. ಆಕೆ ಈಗಲೂ ಓಣಿಯಲ್ಲಿ ಸೀರೆ ಕೇಳುತ್ತಿದ್ದಾಳೆ.

ತಂತಿ ತೆಗೆಸು. ಅದು ಆಗದಿದ್ದರೆ ಫಕ್ಕೀರವ್ವನಿಗೆ ಹೇಳು. ಎರಡನೆಯದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಅಣ್ಣಾಜಿ


ಹಾವೇರಿ
೭ ಅಕ್ಟೋಬರ್ ೨೦೦೩

ನಂದಿತಾ,

ಇದಕ್ಕೂ ಮುಂಚಿನ ಎರಡು ಪತ್ರಗಳಿಗೆ ಉತ್ತರ ಬಂದಿಲ್ಲ. ಮಹಾನವಮಿಗೆ ನಾಲ್ಕು ದಿನ ಮೊದಲು ಮೆಟ್ಟಿಲ ಮೇಲೆ ಜಾರಿ ಬಿದ್ದೆ. ಎಡಗಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ. ಇಲ್ಲದಿದ್ದರೆ ಈ ಹೊತ್ತಿಗೆ ಪತ್ರ ಬರೆಯುತ್ತಿರಲಿಲ್ಲ, ನಿಮ್ಮ ಬದುವಿನ ಮೇಲೆ ನಿಂತಿರುತ್ತಿದ್ದೆ.

ನಿನ್ನೆ ನಿನ್ನ ತಾಯಿ ಕರೆಂಟಿನ ಬಿಲ್ಲು ತುಂಬಲು ಹೋಗಿದ್ದಳು. ಸರದಿಯಲ್ಲಿ ನಿಂತಿದ್ದಾಗ ಗೋಡೆಗೆ ಹಚ್ಚಿದ ನೋಟೀಸು ಓದಿಕೊಂಡು ಬಂದಿದ್ದಾಳೆ. ಹೊಳೆಯ ದಂಡೆಯ ಹಳ್ಳಿಗಳ ಪಂಪ್‌ಸೆಟ್ಟಿನ ಲೈನುಗಳಿಗೆ ಇದೇ ಇಪ್ಪತ್ತನೆಯ ತಾರೀಖು ಸೋಮವಾರದಿಂದ ರಾತ್ರಿಯ ಬದಲು ಹಗಲು ಕರೆಂಟು. ಆಕೆ ಅದನ್ನು ಶುಭವಾರ್ತೆಯೆಂದು ಹೇಳಿದಳು: "ಪಾಪ, ಅಳಿಯಂದ್ರು ರಾತ್ರಿ ನಿದ್ದಿಗೆಡೂದು ತಪ್ಪತು ನೋಡ್ರಿ." ನಾನು ಹೌದೆಂದೆ. ನನ್ನ ಮುಂದಿಟ್ಟ ಚಹಾ ಹಾಗೆಯೇ ಆರಿತು.

ಇಪ್ಪತ್ತನೆಯ ತಾರೀಖಿನ ಮುಂಜಾನೆ ಫಕ್ಕೀರವ್ವ ಎಂದಿನಂತೆ ಬರುತ್ತಾಳೆ. ಜಾರಿದ ಸೆರಗನ್ನು ಎತ್ತಿ ಸಿಕ್ಕಿಸುತ್ತಾಳೆ. ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ.

ಈ ಪತ್ರವನ್ನು ಅಳಿಯಂದಿರಿಗೆ ತೋರಿಸು. ಅಂಟಿನ ಮೇಲೆ ಮತ್ತೊಮ್ಮೆ ಅಂಟು ಹಚ್ಚಿದ್ದೇನೆ.

ಅಣ್ಣಾಜಿ


ಐರಣಿ
೧೦ ಅಕ್ಟೋಬರ್ ೨೦೦೩

ಅಪ್ಪನವರಿಗೆ ನಮಸ್ಕಾರಗಳು.

ಕಾಲಿನ ಸುದ್ದಿ ಓದಿ ಬಹಳ ಕಳವಳವಾಯಿತು. ಪತ್ರವನ್ನು ಇವರಿಗೆ ತೋರಿಸಿದೆ. ಇಂಥ ನೋಟೀಸನ್ನು ಹಂಗಾಮಿಗೊಂದು ಹಚ್ಚುತ್ತಾರೆ, ಒಂದೂ ನಡೆಯುವುದಿಲ್ಲ, ಸೋಮವಾರ ಬರಲಿ, ನೋಡೋಣ ಎಂದರು. ನೋಡುವುದು ಹೇಗೆ ಎಂದು ಕೇಳಿದೆ. ಇವರು ಎದ್ದು ಹೊರಗೆ ಹೋದರು.

ನಿಮ್ಮ ಹಿಂದಿನ ಪತ್ರ ಬಂದಾಗಲೇ ಫಕ್ಕೀರವ್ವನಿಗೆ ಹೇಳಲು ಹೋಗಿದ್ದೆ, ಅಪ್ಪ. ಆಕೆ ಆ ಹಸಿರು ಸೀರೆಯ ಸೆರಗು ಎತ್ತಿ ಕಟ್ಟುತ್ತಿದ್ದಳು. "ಸೀರಿ ಮುಟ್ಟಬ್ಯಾಡ, ಫಕ್ಕೀರವ್ವ" ಎಂದೆ. ಇವರು ಅಲ್ಲಿಯೇ ಅಟ್ಟದ ಕೆಳಗೆ ನಿಂತಿದ್ದರು. ಮುಂದಿನ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಆಕೆ ಕೈ ಬಿಟ್ಟು ನನ್ನ ಮುಖ ನೋಡಿದಳು. "ಕದ್ದೊಯ್ಯೂದಿಲ್ರಿ ಅವ್ವಾರ" ಎಂದಳು.

ಮರುದಿನದಿಂದ ಆಕೆ ಕೊಡ ಹಿಡಿಯುವ ಮೊದಲು ಬೇಲಿಯ ಸುತ್ತ ಹೋಗಿ, ಸೀರೆಗಳನ್ನು ಒಂದೊಂದಾಗಿ ಕೈಯಿಂದ ಮುಟ್ಟಿ, ನನಗೆ ಕೇಳುವಂತೆ ಗಟ್ಟಿಯಾಗಿ ಎಣಿಸುತ್ತಾಳೆ. ಒಂದೂ ಕಡಿಮೆಯಾಗಿಲ್ಲ ಎಂದು ನನಗೆ ತೋರಿಸಬೇಕಲ್ಲ.

ಏನು ಮಾಡಬೇಕೆಂದು ತಿಳಿಯುತ್ತಿಲ್ಲ

ನಂದಿತಾ


(ಅಂಚೆ ಕಾರ್ಡು)

ಹಾವೇರಿ
೧೪ ಅಕ್ಟೋಬರ್ ೨೦೦೩

ಶ್ರೀಮತಿ ಫಕ್ಕೀರವ್ವನವರಿಗೆ, ಮಾವಿನ ಹೊಲದಲ್ಲಿ ನೀರುಣಿಸುವವರು, ಐರಣಿ.

ಅಂಚೆಯವರಲ್ಲಿ ವಿನಂತಿ: ಇವರಿಗೆ ಓದಲು ಬಾರದು. ದಯವಿಟ್ಟು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿ ಹೇಳಬೇಕು.

ಫಕ್ಕೀರವ್ವನವರ, ನಾ ನಂದಿತಾನ ಅಪ್ಪ ಬರೀಲಿಕ್ಕತ್ತೀನಿ. ಮಾವಿನ ಸಸಿ ಸುತ್ತ ಕಟ್ಟಿದ ಸೀರಿ ಹಿಂದ ಕರೆಂಟಿನ ತಂತಿ ಅದ. ಇಲ್ಲೀತನಕ ಅದರಾಗ ರಾತ್ರಿ ಅಷ್ಟ ಕರೆಂಟ ಇರತಿತ್ತು. ಬರೂ ಸೋಮವಾರದಿಂದ ಹಗಲಿ ಇರತದ. ಮುಟ್ಟಿದ್ರ ಜೀವ ಹೋಗತದ. ಸೀರಿ ಮುಟ್ಟಬ್ಯಾಡ್ರಿ, ಎಣಸಬ್ಯಾಡ್ರಿ. ನಿಮ್ಮನ್ನ ಯಾರೂ ಕಳ್ಳಿ ಅಂದಿಲ್ಲ. ಆವತ್ತ ನಂದಿತಾ ಹೇಳಲಿಕ್ಕೆ ಬಂದದ್ದು ಇದನ್ನ. ಬ್ಯಾರೆ ಹೊಲದಾಗೂ ಇಂಥಾ ತಂತಿ ಅವ. ಹೊಳಿಗೆ ಹೋಗೋ ಹೆಣ್ಮಕ್ಕಳಿಗೆ, ದನಾ ಕಾಯೋರಿಗೆ ಎಲ್ಲಾರಿಗೂ ಹೇಳ್ರಿ.

ಅಣ್ಣಾಜಿ, ನಿವೃತ್ತ ಮುಖ್ಯೋಪಾಧ್ಯಾಯ


ಐರಣಿ
೨೮ ಅಕ್ಟೋಬರ್ ೨೦೦೩

ತೀರ್ಥರೂಪರಾದ ಅಪ್ಪನವರಿಗೆ ನಮಸ್ಕಾರಗಳು.

ಇಷ್ಟು ದಿನ ಪೆನ್ನು ಹಿಡಿಯಲಾಗಲಿಲ್ಲ. ನಿಮ್ಮ ಕಾರ್ಡು ಶುಕ್ರವಾರ ಬಂದಿತು. ಪ್ರಭುಲಿಂಗಪ್ಪನವರು ಅದನ್ನು ನಾನು ಮುಟ್ಟಿಸುತ್ತೇನೆಂದು ಕೈ ಚಾಚಿದರಂತೆ. ಅಂಚೆಯವರು ಅಷ್ಟರಲ್ಲಿ ನಿಮ್ಮ ವಿನಂತಿಯ ಸಾಲನ್ನು ಓದಿಬಿಟ್ಟಿದ್ದರು. ಅಂಗಡಿಯ ಎದುರಿನ ಬೋರಿನ ಹತ್ತಿರ ಕೊಡ ಇಟ್ಟುಕೊಂಡು ನಿಂತ ಹೆಂಗಸರಲ್ಲಿ ಫಕ್ಕೀರವ್ವನೂ ಇದ್ದಳು. ಹೆಸರು ಕೂಗಿ ಕರೆದು ಓದಿದರು. ಒಂದು ಸಲ ಓದಿದ್ದು ಸಾಲದೆಂದು ಯಾರೋ ಮತ್ತೊಮ್ಮೆ ಓದಿಸಿದರಂತೆ.

ಆ ಸಂಜೆ ಕತ್ತಲಾಗುವ ಹೊತ್ತಿಗೆ ನಮ್ಮ ಸುತ್ತಲಿನ ಎಷ್ಟೋ ಹೊಲಗಳಲ್ಲಿ ಜನ ಮಾತಿಲ್ಲದೆ ಓಡಾಡುತ್ತಿದ್ದರು. ಅಲ್ಲೆಲ್ಲ ತಂತಿಯಿತ್ತೆಂದು ನನಗೆ ಗೊತ್ತಾದದ್ದೇ ಆಗ. ಹೊಳೆಗೆ ಹೋಗುವ ದಾರಿಯ ಎರಡೂ ಬದಿಗೆ ಇತ್ತು. ನಾನು ಎಷ್ಟು ಸಲ ಆ ದಾರಿಯಲ್ಲಿ ಹೋಗಿ ಬಂದಿಲ್ಲ?

ಇವರು ನಮ್ಮ ತಂತಿಯನ್ನು ಒಬ್ಬರೇ ಬಿಚ್ಚಿ ಸುತ್ತಿದರು. ಸಿಟ್ಟು ಮಾಡಲಿಲ್ಲ. ಒಳಗೆ ಬಂದು ಕೇಳಿದ್ದು ಒಂದೇ ಮಾತು: "ನಿಮ್ಮಪ್ಪ ಕಾರ್ಡಿನ್ಯಾಗ ನನ್ನ ಹೆಸರ ಬರದಿಲ್ಲಲ್ಲಾ?" ಬರೆದಿಲ್ಲ ಎಂದೆ.

ಸೋಮವಾರ ಫಕ್ಕೀರವ್ವ ಬಂದಳು. ಬರುವುದಿಲ್ಲವೆಂದು ತಿಳಿದಿದ್ದೆ. ಎರಡು ಸಾಲು ಗಡಿಗೆ ತುಂಬಿರಬಹುದು. ಪ್ರಭುಲಿಂಗಪ್ಪನವರ ಹೊಲದ ಪಂಪು ತಾನಾಗಿ ಗುಡುಗುಟ್ಟಿ ಚಾಲೂ ಆಯಿತು. ಕಣ್ಣು ಕುಕ್ಕುವ ಬಿಸಿಲು. ನೋಟೀಸಿನ ಮಾತು ನಿಜವಾಗಿತ್ತು. ಆಕೆ ಕೊಡ ಕೆಳಗಿಟ್ಟು ಮಣ್ಣಿನಲ್ಲಿಯೇ ಕುಳಿತುಬಿಟ್ಟಳು. ನಾನು ಹತ್ತಿರ ಹೋದೆ.

"ನಿಮಗ ಗೊತ್ತಿತ್ತನ್ರಿ, ಅವ್ವಾರ?"

"ಗೊತ್ತಿತ್ತು."

"ಯಾವಾಗಿಂದ?"

"ಅಮಾಸಿಯಿಂದ."

ಯಾವ ಅಮಾವಾಸ್ಯೆ ಎಂದು ಆಕೆ ಕೇಳಲಿಲ್ಲ. ಮಹಾಲಯದ್ದೆಂದು ಆಕೆ ತಿಳಿದಿರಬಹುದು. ಅದು ಶ್ರಾವಣದ್ದೆಂದು ನಾನೂ ಹೇಳಲಿಲ್ಲ. ಎದ್ದು ಸೆರಗಿನ ಮಣ್ಣು ಕೊಡವಿ ಕೊಡ ಎತ್ತಿಕೊಂಡಳು.

ಈಗಲೂ ಕೆಲಸಕ್ಕೆ ಬರುತ್ತಾಳೆ. ನಗೆಚಾಟಿಕೆ ಇಲ್ಲ. ದೀಪಾವಳಿಯ ಪಾಡ್ಯದ ರಾತ್ರಿ ಹಂದಿಗಳು ಮತ್ತೆ ಬಂದು ಹೊರಸಾಲಿನ ಐದಾರು ಸಸಿಗಳನ್ನು ಕಿತ್ತು ಹಾಕಿದವು. ಚಿಗುರು ಬಲಿತು ಗಟ್ಟಿಯಾಗಿದ್ದ ಸಸಿಗಳು. ಇವರು ಅವುಗಳನ್ನು ಒಂದು ಕಡೆ ಸಾಲಾಗಿ ಇಟ್ಟರು. ಆ ರಾತ್ರಿಯಿಂದ ಮತ್ತೆ ಅಟ್ಟದ ಮೇಲೆ ಡಬ್ಬಿ ಹಿಡಿದು ಕುಳಿತಿದ್ದಾರೆ. ನಡುನಡುವೆ ಡಬ್ಬಿಯ ಸದ್ದು ನಿಲ್ಲುತ್ತದೆ. ನಿದ್ದೆ ಹತ್ತಿತೋ, ಕೆಳಗೆ ಇಳಿದರೋ ಎಂದು ನಾನು ಕಿವಿಗೊಟ್ಟು ಮಲಗಿರುತ್ತೇನೆ. ತಂತಿಯ ಸುರುಳಿ ಗುಡಿಸಲಿನ ಮೂಲೆಯಲ್ಲಿದೆ. ಏಳುತ್ತಲೇ ಅದನ್ನು ನೋಡುತ್ತೇನೆ. ಕರೆಂಟಿನ ಸರದಿ ಮತ್ತೆ ರಾತ್ರಿಗೆ ತಿರುಗಿದರೆ, ಪ್ರಭುಲಿಂಗಪ್ಪನವರ ಹತ್ತಿರ ಇನ್ನೊಂದು ಸುರುಳಿ ಇದ್ದರೆ ಎಂಬ ಯೋಚನೆಯೂ ಬರುತ್ತದೆ.

ಮುಂಜಾನೆ ಫಕ್ಕೀರವ್ವ ಬದುವಿನ ಆಚೆಗೆ ಬಂದು ನಿಲ್ಲುತ್ತಾಳೆ, ಕೊಡ ಸೊಂಟದ ಮೇಲಿರುತ್ತದೆ. ಹೊಲದೊಳಗೆ ಕಾಲಿಡುವುದಿಲ್ಲ. ನಾನು ಬೇಲಿಯ ಹತ್ತಿರ ಹೋಗಬೇಕು; ಒಂದು ಸೀರೆಯನ್ನು ಬರಿಗೈಯಿಂದ ಹಿಡಿದು ಪಕ್ಕಕ್ಕೆ ಸರಿಸಬೇಕು. ರಾತ್ರಿಯ ಇಬ್ಬನಿಗೆ ಸೀರೆ ನೆನೆದಿರುತ್ತದೆ. ಕೈ ಅರ್ಧಕ್ಕೆ ಹೋಗಿ ನಿಲ್ಲುತ್ತದೆ. ಆಕೆ ನನ್ನ ಕೈಯನ್ನೇ ನೋಡುತ್ತಿರುತ್ತಾಳೆ.

ನಾನು ಮುಟ್ಟಿದ ಮೇಲೆ ಒಳಗೆ ಬರುತ್ತಾಳೆ.

ನಿಮ್ಮ ಮಗಳು,
ನಂದಿತಾ